ಹಾಜರಿ ಪುಸ್ತಕದ ‘ಹೊ’

ಮಧ್ಯಾಹ್ನದ ಎರಡನೆಯ ಪಾಠದ ಹೊತ್ತಿಗೆ ಶಾಲೆಯ ಹಿಂದಿನ ಅಡುಗೆಮನೆಯಿಂದ ಓಮ ಹುರಿಯುವ ವಾಸನೆ ಬಂತು. ಓಮಕ್ಕೆ ಒಂದು ಕೆಟ್ಟ ಗುಣವಿದೆ, ನೀವೂ ಗಮನಿಸಿರಬಹುದು. ಅದು ಯಾರ ಗುಟ್ಟನ್ನೂ ಕಾಯುವುದಿಲ್ಲ. ಎಳೆಗೂಸಿಲ್ಲದ ಮನೆಯಲ್ಲಿ ಓಮ ಹುರಿದರೆಂದರೆ ಮುಗಿಯಿತು, ಯಾವಳಿಗೋ ಕಿಬ್ಬೊಟ್ಟೆ ಹಿಂಡುತ್ತಿದೆ ಎಂದು ಓಣಿಗೆಲ್ಲ ತಿಳಿಯುತ್ತದೆ. ಪಾಠ ಕೇಳುತ್ತಿದ್ದ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಹಲಗೆಯ ಕಡೆ ತಿರುಗಿ ಏನೋ ಬರೆದೆ. ಏನು ಬರೆದೆನೋ ನೆನಪಿಲ್ಲ. ನನಗೂ ಇವತ್ತೋ ನಾಳೆಯೋ ಎಂಬ ದಿನ, ಸೊಂಟ ಎರಡು ಹೋಳಾದ ಹಾಗಿತ್ತು.

ನನಗೆ ಈಗ ಮೂವತ್ತೆರಡು. ಬಳ್ಳಾರಿಯಲ್ಲಿ, ಹೆಣ್ಣುಮಕ್ಕಳನ್ನು ಶಾಲೆಯಲ್ಲಿ ಕಲಿಸುವ ಪಂತುಲಮ್ಮಗಳನ್ನಾಗಿ ಮಾಡುವ ಒಂದು ಸಣ್ಣ ತರಗತಿಯಲ್ಲಿ ಪಾಠ ಹೇಳುತ್ತೇನೆ. ಮೂವತ್ತೆರಡೇನು ಮುಪ್ಪಲ್ಲ, ಆದರೆ ಬೆಳಿಗ್ಗೆ ಎದ್ದು ಕೂತರೆ ನಿನ್ನೆಯ ದಣಿವೇ ಮೈಮೇಲೆ ಇರುತ್ತದೆ. ಇದು ಇನ್ನೂ ಹತ್ತು ಹದಿನೈದು ವರ್ಷ ತಿಂಗಳು ತಿಂಗಳೂ ಬರುತ್ತದಲ್ಲ ಎಂದು ನೆನೆದರೆ ಅಳುವುದಕ್ಕೂ ಬೇಸರ. ನಮ್ಮ ಅಜ್ಜಿ ಇದ್ದಾಗ ಈ ಮಾತು ಕೇಳಿದ್ದರೆ ಬೈಯುತ್ತಿದ್ದಳು. ಅವಳ ಪ್ರಕಾರ ಹೆಣ್ಣಿನ ಜನ್ಮದಲ್ಲಿ ದೇವರು ಕೊಟ್ಟ ರಜೆ ಎಂದರೆ ಅದೊಂದೇ. “ಮೂರು ದಿನ ಕೂತಲ್ಲಿಗೆ ಊಟ ಬರ್ತದಲ್ಲೇ, ಲಂಡನ್ನಿನ ರಾಣಿಗಾದರೂ ಯಾರು ಹಿಂಗ ಬಿಡ್ತಾರ?” ಎನ್ನುತ್ತಿದ್ದಳು. ರಾಣಿಯ ವಿಚಾರ ನನಗೆ ಗೊತ್ತಿಲ್ಲ. ಸಿರುಗುಪ್ಪದ ನೀಲಮ್ಮನ ವಿಚಾರ ಗೊತ್ತು. ಅವಳನ್ನು ಯಾರೂ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಧಾತು ಸಂವತ್ಸರದ ಬರ ಕಳೆದು ಎಂಟೊಂಬತ್ತು ವರ್ಷವಾಗಿತ್ತು. ಇದೇ ತರಗತಿಯಲ್ಲಿ ಆಗ ನಾನು ವಿದ್ಯಾರ್ಥಿನಿ. ಕೋಟೆ ಗುಡ್ಡದ ಕೆಳಗೆ ಒಂದು ಬಾಡಿಗೆಯ ಮನೆ, ನಡುವೆ ಪಡಸಾಲೆ, ಹಿಂದೆ ಹಿತ್ತಲಿಗೆ ತೆರೆದ ಒಂದು ಉದ್ದ ಜಗಲಿ. ಗುಡ್ಡದ ಬಂಡೆ ಕಾದು ಸಂಜೆಯವರೆಗೆ ಮನೆಯೊಳಕ್ಕೆ ಬಿಸಿ ಉಗುಳುತ್ತಿತ್ತು. ಓದುವವರು ಹದಿನಾಲ್ಕು ಜನ, ಬಹುಪಾಲು ಗಂಡ ಸತ್ತವರು. ಗಂಡ ಇದ್ದವಳನ್ನು ಪಂತುಲಮ್ಮನಾಗಲು ಯಾರು ಕಳಿಸುತ್ತಾರೆ ಹೇಳಿ. ನಾನೂ ಅದೇ ಸಾಲಿನವಳು. ನನ್ನ ಹನ್ನೊಂದನೆಯ ವಯಸ್ಸಿನಲ್ಲಿ ತೀರಿಹೋದ ಗಂಡನ ಮುಖ ನೆನಪಿಲ್ಲ, ಅವನ ಜರಿಯ ಟೋಪಿ ಮಾತ್ರ ನೆನಪಿದೆ. ಅಪ್ಪ ಕಚೇರಿಯಲ್ಲಿ ಗುಮಾಸ್ತೆ. ದೊರೆಗಳ ಜೊತೆ ಮಾತಾಡಿ ಮಾತಾಡಿ ಧೈರ್ಯ ಬಂದಿತ್ತೋ, ಅಥವಾ ಮನೆಯಲ್ಲಿ ಅಜ್ಜಿಯ ಜೊತೆ ನಾನು ಜಗಳವಾಡುವುದು ತಪ್ಪಲಿ ಎಂದೋ, ನನ್ನನ್ನು ಅಲ್ಲಿ ಸೇರಿಸಿದರು.

ನೀಲಮ್ಮ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ತವರು ಸಿರುಗುಪ್ಪ, ಕೊಟ್ಟದ್ದು ಕುರುಗೋಡಿಗೆ. ಗಂಡ ವಾಂತಿಭೇದಿಯಲ್ಲಿ ತೀರಿಕೊಂಡ ಮೇಲೆ ನಾಲ್ಕು ವರ್ಷದ ಮಗಳು ಬಸಮ್ಮನನ್ನು ಸಿರುಗುಪ್ಪದಲ್ಲಿ ಅಣ್ಣ ಮತ್ತು ಅವನ ಹೆಂಡತಿ ವೈನಿಯ ಹತ್ತಿರ ಬಿಟ್ಟು ಓದಲು ಬಂದಿದ್ದಳು. ಕುರುಗೋಡಿನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆಯುತ್ತಾರೆ, ಆ ಊರಿನ ನಂಟಿರುವ ಹೆಂಗಸು ಪಾಸಾದರೆ ಅವಳಿಗೇ ಕೊಡುತ್ತಾರೆ ಎಂದು ಮಾತಾಗಿತ್ತು. ನೀಲಮ್ಮನ ಲೆಕ್ಕ ಬಹಳ ಸರಳ. ಒಂದು ವರ್ಷ ಓದುವುದು, ಸರ್ಟಿಫಿಕೇಟು ತೆಗೆದುಕೊಳ್ಳುವುದು, ಮಗಳನ್ನು ಕರೆದುಕೊಂಡು ಕುರುಗೋಡಿಗೆ ಹೋಗುವುದು. ಅಣ್ಣ ಒಂದೇ ವರ್ಷ ಎಂದು ಹೇಳಿ ಕಳಿಸಿದ್ದ. ಅವಳು ಗಣಿತದಲ್ಲಿ ನಮಗೆಲ್ಲ ಮೇಲು. ನಾನು ಬೆರಳು ಮಡಿಸುವಷ್ಟರಲ್ಲಿ ಅವಳು ಉತ್ತರ ಹೇಳಿ, ತಪ್ಪು ಮಾಡಿದವಳ ಹಾಗೆ ಸೆರಗು ಬಾಯಿಗೆ ಹಿಡಿಯುತ್ತಿದ್ದಳು. ಅದು ನನಗೆ ಹಿಡಿಸುತ್ತಿರಲಿಲ್ಲ ಎಂಬುದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ನಮಗೆ ಕನ್ನಡ ಹೇಳುತ್ತಿದ್ದವರು ಗುಂಡಾಚಾರ್ಯರು. ಅರುವತ್ತು ದಾಟಿದ ಮನುಷ್ಯ, ಇಡೀ ಮನೆಯಲ್ಲಿ ಅವರೊಬ್ಬರೇ ಗಂಡಸು. ಹಾಜರಿ ಪುಸ್ತಕ ಅವರ ಕೈಯಲ್ಲಿತ್ತು. ಬಂದವರಿಗೆ ‘ಹಾ’, ಬರದವರಿಗೆ ‘ಗೈ’. ಹಾಜರು, ಗೈರುಹಾಜರು. ಮೊದಲ ತಿಂಗಳಲ್ಲೇ ಅವರಿಗೆ ಸಂಕಟ ಬಂತು. ನಮ್ಮ ಜಾತಿಯ ಹುಡುಗಿಯರು ಏಳು ಜನ, ತಿಂಗಳಿಗೆ ಮೂರು ದಿನ ಪಡಸಾಲೆಯೊಳಗೆ ಕಾಲಿಡುವಂತಿಲ್ಲ. ನಾವು ಹಿತ್ತಲ ಜಗಲಿಯ ಮೇಲೆ ಚಾಪೆ ಹಾಕಿಕೊಂಡು ಕೂರುತ್ತಿದ್ದೆವು, ಕಿಟಕಿಯಿಂದ ಪಾಠ ಕೇಳುತ್ತಿತ್ತು. ಹಾಗಾದರೆ ಇದು ಹಾಜರೋ ಗೈರೋ? ಆಚಾರ್ಯರು ಎರಡು ದಿನ ಯೋಚಿಸಿ ಮೂರನೆಯ ಅಕ್ಷರವೊಂದನ್ನು ಹುಟ್ಟಿಸಿದರು. ‘ಹೊ.’ ಹೊರಗೆ. ನಮ್ಮ ಮನೆಗಳಲ್ಲಿ ಹೆಂಗಸರು ಹೊರಗಾಗಿದ್ದಾರೆ ಎಂದರೆ ಬೀದಿಗೆ ಹೋಗಿದ್ದಾರೆ ಎಂದಲ್ಲ ಎಂಬುದು ಹಾಲುಗೂಸಿಗೂ ಗೊತ್ತು. ವರ್ಷದ ಕೊನೆಗೆ ಎಣಿಸುವಾಗ ‘ಹೊ’ ಹಾಜರಿಯ ಜೊತೆಗೇ ಸೇರುತ್ತದೆ ಎಂದು ಮುಖ್ಯಸ್ಥೆಯಾದ ಟೀಚರಮ್ಮನೂ ಒಪ್ಪಿದರು. ಅವರು ಮದ್ರಾಸಿನ ಕಡೆಯ ಕ್ರಿಸ್ತರ ಹೆಂಗಸು, ಕನ್ನಡ ಅಷ್ಟಕ್ಕಷ್ಟೆ, ಮನಸ್ಸು ಮೆತ್ತಗೆ.

ಆದರೆ ಯಾರು ಹೊರಗೆ ಎಂದು ಆಚಾರ್ಯರು ನಮ್ಮನ್ನು ಕೇಳುವುದು ಹೇಗೆ? ಅವರ ಮೊಮ್ಮಕ್ಕಳ ವಯಸ್ಸಿನವರು ನಾವು. ಕಡೆಗೆ ಆ ಕೆಲಸ ನನಗೆ ಬಂತು. ನಾನು ಅವರಿಗೆ ದೂರದ ನಂಟು, ಮೇಲಾಗಿ ನನ್ನ ಬಾಯಿಗೆ ಬೀಗವಿಲ್ಲ ಎಂಬುದು ಊರಿಗೇ ಗೊತ್ತು. ದಿನಾ ಬೆಳಿಗ್ಗೆ ಅವರು ಪುಸ್ತಕ ತೆರೆದು, ತಲೆ ಎತ್ತಿ ಮಾಳಿಗೆಯ ಜಂತಿಗಳನ್ನು ನೋಡುತ್ತ, “ಇವತ್ತು... ಹೂಂ?” ಎನ್ನುತ್ತಿದ್ದರು. ನಾನು ಹೆಸರು ಹೇಳುತ್ತಿದ್ದೆ. ಅವರು ಬರೆಯುತ್ತಿದ್ದರು. ಆ ವರ್ಷ ಆ ಮನೆಯ ಜಂತಿಗಳನ್ನು ಅವರಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ನನಗೋ ಹದಿನೇಳನೆಯ ವಯಸ್ಸು, ಕೈಯಲ್ಲಿ ಅಷ್ಟು ಅಧಿಕಾರ. ಕಚೇರಿಯ ಶಿರಸ್ತೇದಾರನಿಗೂ ಆ ಜಂಬ ಇದ್ದಿರಲಾರದು.

ಹೀಗೆ ದಿನಾ ವಿಚಾರಿಸಿ ವಿಚಾರಿಸಿ ಹದಿನಾಲ್ಕೂ ಜನರ ಮೈಯ ಪಂಚಾಂಗ ನನಗೆ ಬಾಯಿಪಾಠವಾಗಿತ್ತು. ಒಬ್ಬಳಿಗೆ ನಾಲ್ಕು ದಿನ ಮೊದಲೇ ಸಿಟ್ಟು ಬರುತ್ತಿತ್ತು, ಅವಳ ತಾಟು ಮುಟ್ಟಿದವರ ಗತಿ ಮುಗಿಯಿತು. ಒಬ್ಬಳು ಕಾರಣವಿಲ್ಲದೆ ಅಳುತ್ತಿದ್ದಳು. ಕೌಲ್ ಬಜಾರಿನ ಕಡೆಯಿಂದ ಬರುವ ಒಬ್ಬಳು ಹುಣಸೆಹಣ್ಣನ್ನು ಉಪ್ಪು ಹಚ್ಚಿ ಬಕಬಕನೆ ತಿನ್ನುತ್ತಿದ್ದಳು. ತೊಡೆ ಸೆಳೆಯುವವರು, ತಲೆ ಸಿಡಿಯುವವರು, ಎದೆ ನೋವೆಂದು ಕುಪ್ಪಸದ ಗಂಟು ಸಡಿಲಿಸಿಕೊಳ್ಳುವವರು. ನಾವು ತಿನ್ನುತ್ತಿದ್ದದ್ದಾದರೂ ಏನು? ಬೆಳಿಗ್ಗೆ ತಂಗಳ ರೊಟ್ಟಿ, ಕೆಂಪು ಖಾರ. ಗಂಡ ಸತ್ತ ನಮ್ಮಂಥವರಿಗೆ ಏಕಾದಶಿಗೆ ಅದೂ ಇಲ್ಲ, ನೀರೂ ಇಲ್ಲ. ಏಕಾದಶಿಯೂ ಇದೂ ಒಟ್ಟಿಗೆ ಬಂದ ದಿನ ನನ್ನ ಕಣ್ಣಿಗೆ ಗುಡ್ಡ ಎರಡಾಗಿ ಕಾಣುತ್ತಿತ್ತು. ಬಾವಿಯಿಂದ ನೀರು ಹೊರುವುದು, ಜೋಳ ಬೀಸುವುದು, ಆಮೇಲೆ ಇಡೀ ದಿನ ಕಾಲು ಮಡಿಸಿ ನೆಲದ ಮೇಲೆ ಕೂರುವುದು.

ಔಷಧಿ ಹೇಳುವವರಿಗೆ ಬರವಿರಲಿಲ್ಲ. ಟೀಚರಮ್ಮ ಕೈಕಾಲು ಬೀಸಿ ಕವಾಯತು ಮಾಡಿದರೆ ನೋವು ಹೋಗುತ್ತದೆ ಎಂದರು. ಮಾಡಿದೆವು, ನೋವು ಹೋಗಲಿಲ್ಲ, ಗೋಡೆಯಾಚೆಯ ಮನೆಯವರು ಮಾಳಿಗೆ ಹತ್ತಿ ನಿಂತು ನೋಡಿದರು. ಆಚಾರ್ಯರಂತೂ ಜಂತಿಯ ಕಡೆ ನೋಡುತ್ತಲೇ, “ಗಣಿತ ಉಷ್ಣ, ವ್ಯಾಕರಣ ಶೀತ. ಅಂಥಾ ಹೊತ್ತಿನಾಗ ಸಂಧಿ ಸಮಾಸ ಓದಿಕೋಬೇಕು” ಎಂದು ಅಪ್ಪಣೆ ಮಾಡಿದ್ದರು. ಸವರ್ಣದೀರ್ಘ ಸಂಧಿಯಿಂದ ಯಾರ ಹೊಟ್ಟೆನೋವೂ ನಿಂತದ್ದು ನಾನು ಕಾಣೆ.

ಆದರೂ ನಮಗೆ ಜಗಲಿ ಇತ್ತು. ಆ ಜಗಲಿಯ ಸುಖವನ್ನು ಹೇಗೆ ಹೇಳಲಿ? ನೀರು ಹೊರಬೇಕಿಲ್ಲ, ಬೀಸಬೇಕಿಲ್ಲ, ಯಾರೂ ಪ್ರಶ್ನೆ ಕೇಳುವುದಿಲ್ಲ. ಬೇವಿನ ನೆರಳು ಮಧ್ಯಾಹ್ನಕ್ಕೆ ಸರಿಯಾಗಿ ಚಾಪೆಯ ಮೇಲೆ ಬರುತ್ತಿತ್ತು. ಒಳಗಿನಿಂದ ಟೀಚರಮ್ಮನ ದನಿ ಕೇಳುತ್ತಿದ್ದಂತೆ ನಾವು ಗೋಡೆಗೆ ಮುಖ ಮಾಡಿ ನಿದ್ದೆ ಹೋಗುತ್ತಿದ್ದೆವು. ಪುಸ್ತಕದಲ್ಲಿ ಅದು ಹಾಜರಿ. ನಾನು ಮೂರು ದಿನವನ್ನು ನಾಲ್ಕು ಮಾಡಿದ್ದುಂಟು, ಬೇಸಿಗೆಯಲ್ಲಿ ಒಂದು ಸಲ ಐದೂ ಮಾಡಿದ್ದುಂಟು. ಹೆಸರು ಹೇಳುವವಳು ನಾನೇ ಅಲ್ಲವೇ, ಕೇಳುವವರು ಯಾರು?

ನೀಲಮ್ಮನಿಗೆ ಜಗಲಿ ಇರಲಿಲ್ಲ. ಅವಳು ಲಿಂಗ ಕಟ್ಟಿದವಳು. ಅವರಲ್ಲಿ ಮುಟ್ಟಿಗೆ ಮೈಲಿಗೆಯಿಲ್ಲ, ಸೂತಕವಿಲ್ಲ. ಎಷ್ಟು ದೊಡ್ಡ ಮಾತು ಅದು ಎಂದು ಈಗ ಅನ್ನಿಸುತ್ತದೆ, ಆಗ ನಮಗೆ ಅದು ಅವರ ದಡ್ಡತನವೆಂದೇ ಕಂಡಿತ್ತು. ಮೈಲಿಗೆಯಿಲ್ಲದವಳಿಗೆ ಹೊರಗೆ ಕೂರುವ ಹಕ್ಕೂ ಇಲ್ಲ. ಇಡೀ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ನೋಯುತ್ತಿದ್ದದ್ದು ಅವಳಿಗೆ. ಮೊದಲ ದಿನ ಬೆಳಿಗ್ಗೆ ಎದ್ದಾಗಲೇ ತುಟಿ ಬಿಳಿಚಿರುತ್ತಿತ್ತು. ತಿಂದದ್ದೆಲ್ಲ ವಾಂತಿ. ಬೆವರು ಕಿತ್ತು, ಮೊಣಕಾಲಿಗೆ ಹಣೆ ಹಚ್ಚಿ, ಇಟ್ಟಿಗೆ ಕಾಯಿಸಿ ಬಟ್ಟೆ ಸುತ್ತಿ ಹೊಟ್ಟೆಗೆ ಒತ್ತಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಬಿದ್ದಿರುತ್ತಿದ್ದಳು. ಮೂರು ಮಾರು ಆಚೆ ಜಗಲಿಯಲ್ಲಿ ನಾನು ನಿದ್ದೆ ಮಾಡುತ್ತಿದ್ದರೆ ‘ಹೊ’. ಅಡುಗೆಮನೆಯಲ್ಲಿ ಅವಳು ಹಲ್ಲು ಕಚ್ಚಿಕೊಂಡಿದ್ದರೆ ‘ಗೈ’.

ಸಂಕ್ರಾಂತಿ ಹತ್ತಿರವಿದ್ದಾಗ ಒಂದು ಬೆಳಿಗ್ಗೆ, ಆಚಾರ್ಯರು ಪುಸ್ತಕ ತೆರೆಯುವ ಮೊದಲು, ಅವಳು ಗೋಡೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

“ತಂಗೀ, ನನ್ನ ಹೆಸರಿಗೂ ಒಂದು ಹೊ ಬರಸವ್ವ.”

ನನಗೆ ಮೊದಲು ಅರ್ಥವೇ ಆಗಲಿಲ್ಲ. “ನಿಮ್ಮಲ್ಲಿ ಅದು ಇಲ್ಲಲಾ, ನೀಲಕ್ಕ?”

“ಇಲ್ಲವ್ವ. ಸೂತಕ ಇಲ್ಲ. ನೋವು ಐತಿ.” ಅವಳು ಸ್ವಲ್ಪ ಹೊತ್ತು ಉಸಿರು ಹಿಡಿದಳು. “ಹಿಂಗ ಗೈ ಬಿದ್ಕೋಂತ ಹೋದ್ರ ಸರ್ಟಿಫಿಕೇಟಿಗೆ ದಿನ ಸಾಲಂಗಿಲ್ಲ. ನಾನೂ ಜಗಲಿ ಮ್ಯಾಲ ಒಂದು ಮೂಲ್ಯಾಗ ಮಕ್ಕೋತೀನಿ. ಕೊರಳಾಗಿನ ಲಿಂಗಪ್ಪಗ ನಾನ ಹೇಳ್ಕೋತೀನಿ, ನೀನು ಆಚಾರ್ರಿಗೆ ಹೇಳು.”

ಅವಳಿಗೂ ಅದು ಸುಲಭದ ಮಾತಾಗಿರಲಿಲ್ಲ. ತನಗೆ ಇಲ್ಲದ ಮೈಲಿಗೆಯನ್ನು ಹೇಳಿಕೊಂಡು ಹೊರಗೆ ಕೂರುವುದೆಂದರೆ ಅವರ ಮನೆಯಲ್ಲಿ ಯಾರಾದರೂ ಕೇಳಿದರೆ ಏನಾಗುತ್ತಿತ್ತೋ. ಅಷ್ಟನ್ನೆಲ್ಲ ದಾಟಿ ಬಂದಿದ್ದಳು. ನಾನು ಏನು ಹೇಳಿದೆ ಗೊತ್ತೇ?

“ಹೆಂಗ ಸುಳ್ಳು ಹೇಳ್ಲಿ, ನೀಲಕ್ಕ? ಆಚಾರ್ರು ಬರೀತಾರ, ಬರದದ್ದು ಖರೇ ಇರಬೇಕಲ್ಲ.”

ಮೂರು ದಿನವನ್ನು ಐದು ಮಾಡಿದವಳು ಈ ಮಾತು ಹೇಳಿದೆ. ನನ್ನ ದನಿಯಲ್ಲಿ ಅಜ್ಜಿಯ ದನಿಯೇ ಇತ್ತು. ನಿಜ ಹೇಳಲೇ? ಸುಳ್ಳಿನ ಭಯ ನನಗೆ ಎಳ್ಳಷ್ಟೂ ಇರಲಿಲ್ಲ. ಜಗಲಿ ನಮ್ಮದು ಅನ್ನಿಸಿತು. ಅಲ್ಲಿ ಅವಳೂ ಬಂದು ಮಲಗಿದರೆ ನಮ್ಮದು ಎನ್ನುವುದಕ್ಕೆ ಏನು ಉಳಿಯಿತು? ಅದರ ಮೇಲೆ, ಗಣಿತದಲ್ಲಿ ಮೇಲಿರುವವಳು ಯಾವುದಾದರೂ ಒಂದರಲ್ಲಿ ನನಗಿಂತ ಕೆಳಗೆ ಇರಲಿ ಎಂಬ ಸಣ್ಣ ಬುದ್ಧಿಯೂ ಇತ್ತು. ಅವಳು ಗೋಡೆ ಹಿಡಿದುಕೊಂಡೇ ಅಡುಗೆಮನೆಗೆ ಹೋದಳು. ಆಚಾರ್ಯರು ಬಂದು ಜಂತಿ ನೋಡಿದರು. ನಾನು ಹೆಸರುಗಳನ್ನು ಹೇಳಿದೆ, ಅವಳದನ್ನು ಬಿಟ್ಟು.

ಪರೀಕ್ಷೆಯ ಹಿಂದಿನ ತಿಂಗಳು ಮದ್ರಾಸಿನಿಂದ ಇನ್ಸ್‌ಪೆಕ್ಟರ್ ದೊರಸಾನಿ ಬಂದರು. ಎತ್ತರದ ಹೆಂಗಸು, ಬಿಸಿಲಿಗೆ ಮುಖ ಹಣ್ಣು ಮೆಣಸಿನಕಾಯಿಯಾಗಿತ್ತು. ಹಾಡಿಸಿದರು, ಓದಿಸಿದರು, ಹೊಲಿಗೆ ನೋಡಿದರು. ಆಮೇಲೆ ಹಾಜರಿ ಪುಸ್ತಕ ಕೇಳಿದರು. ವರ್ಷಕ್ಕೆ ಇಷ್ಟು ದಿನ ಹಾಜರಿಲ್ಲದವರಿಗೆ ಸರ್ಟಿಫಿಕೇಟು ಇಲ್ಲ ಎಂಬ ಕಟ್ಟಳೆ ಮೊದಲಿನಿಂದಲೂ ಇತ್ತು. ಬೆರಳು ಹಾಯಿಸುತ್ತ ಹೋದ ದೊರಸಾನಿ ‘ಹೊ’ದ ಮೇಲೆ ನಿಂತರು. ಇದೇನು ಅಕ್ಷರ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆಚಾರ್ಯರು ಜಂತಿ ನೋಡಿದರು. ಟೀಚರಮ್ಮ ತಡವರಿಸಿ, ಹೊರಗೆ ಎಂದು ಅರ್ಥ ಹೇಳಿದರು, ಅಷ್ಟೇ.

ದೊರಸಾನಿಯ ಮುಖ ಅರಳಿತು. ಹೊರಗೆ! ಅಂದರೆ ಈ ಹುಡುಗಿಯರು ಹೊರಗೆ ಹೋಗಿ, ಮನೆಯಿಂದಾಚೆ ಬರಲಾರದ ಹೆಂಗಸರಿಗೆ ಮನೆಮನೆಗೆ ಪಾಠ ಹೇಳಿ ಬರುತ್ತಾರೋ? ಮದ್ರಾಸಿನಲ್ಲಿಯೇ ಇಷ್ಟು ನೆಟ್ಟಗೆ ನಡೆಯದ ಕೆಲಸ, ಬಳ್ಳಾರಿಯಲ್ಲಿ ತಿಂಗಳಿಗೆ ಮೂರು ದಿನ ತಪ್ಪದೆ! ಟೀಚರಮ್ಮ ನೆಲ ನೋಡಿದರು. ಅವರ ನೌಕರಿಯೂ ಆ ಪುಸ್ತಕದಲ್ಲೇ ಇತ್ತು. ನೆಲ ನೋಡುತ್ತಲೇ ಹೌದು ಎಂದರು.

ಎಲ್ಲರಿಗಿಂತ ಹೆಚ್ಚು ‘ಹೊ’ ಯಾರದು ಎಂದು ಎಣಿಸಿದರು. ನನ್ನದು. ದೊರಸಾನಿ ನನ್ನನ್ನು ಮುಂದೆ ಕರೆದು, ಇಂಥ ಪರೋಪಕಾರಿ ಹುಡುಗಿಯರಿಂದಲೇ ಈ ದೇಶ ಉದ್ಧಾರವಾಗಬೇಕು ಎಂಬ ಅರ್ಥದ ಮಾತು ಹೇಳಿ ಬೆನ್ನು ತಟ್ಟಿದರು. ನಗಬೇಡಿ. ಅವರು ಮುಟ್ಟಿದರೆಂದು ನಾನು ಆ ಸಂಜೆ ತಲೆಗೆ ಸ್ನಾನ ಮಾಡಿದೆ, ಹೊಗಳಿಕೆಯನ್ನು ಮಾತ್ರ ತೊಳೆದುಕೊಳ್ಳಲಿಲ್ಲ.

ಆಮೇಲೆ ಅವರ ಬೆರಳು ನೀಲಮ್ಮನ ಹೆಸರಿಗೆ ಬಂತು. ಒಂದೂ ‘ಹೊ’ ಇಲ್ಲ, ಬರೀ ‘ಗೈ’. ಯಾಕೆ ಎಂದು ಕೇಳಿಸಿದರು.

“ಹೊಟ್ಟಿ ನೋವು, ಅಮ್ಮಾರ” ಎಂದಳು ನೀಲಮ್ಮ.

ಪ್ರತಿ ತಿಂಗಳೂ ಹೊಟ್ಟೆನೋವೇ? ಕಂಡದ್ದೆಲ್ಲ ತಿನ್ನಬಾರದು, ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿಯಬೇಕು ಎಂದು ದೊರಸಾನಿ ನಕ್ಕರು. ಲೆಕ್ಕ ಹಾಕಿದಾಗ ಒಂಬತ್ತು ದಿನ ಕಡಿಮೆ ಬಿದ್ದಿತ್ತು. ಅವಳ ಹೆಸರಿನ ಮುಂದೆ ಉದ್ದಕ್ಕೆ ಒಂದು ಗೆರೆ ಎಳೆದರು. ನೀಲಮ್ಮ ಸುತ್ತ ನೋಡಿದಳು. ಆಚಾರ್ಯರನ್ನಲ್ಲ, ಟೀಚರಮ್ಮನನ್ನಲ್ಲ, ನನ್ನನ್ನು. ನಾನು ಬಾಯಿ ಬಿಟ್ಟಿದ್ದರೆ ಏಳು ಜನರ ‘ಹೊ’ ಆ ಕ್ಷಣವೇ ‘ಗೈ’ ಆಗುತ್ತಿತ್ತು, ನನ್ನದೂ ಆಗುತ್ತಿತ್ತು. ಇದನ್ನು ನಾನು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸರಿಯಾದ ಕಾರಣವೇ. ಆದರೆ ಆಗ ಬಾಯಿ ಮುಚ್ಚಿಕೊಂಡಿದ್ದು ಆ ಏಳು ಜನರಿಗಾಗಿ ಅಲ್ಲ. ಬೆನ್ನಿನ ಮೇಲೆ ಆ ಕೈಯ ಬಿಸಿ ಇನ್ನೂ ಆರಿರಲಿಲ್ಲ, ಅದಕ್ಕೆ.

ನೀಲಮ್ಮನ ಅಣ್ಣ ಬಂಡಿ ತಂದ ದಿನ ಅವಳು ಹಾಸಿಗೆ ಸುತ್ತುತ್ತ ಕೂತಿದ್ದಳು. ನಾನು ಹೋಗಿ ಬಾಗಿಲಲ್ಲಿ ನಿಂತೆ. ಅವಳು ಸಿಟ್ಟು ಮಾಡಲಿಲ್ಲ. ತನ್ನಷ್ಟಕ್ಕೆ ಲೆಕ್ಕ ಬಿಡಿಸುವವಳ ಹಾಗೆ ಹೇಳಿದಳು, “ನೋಡವ್ವ, ದೇವರು ನಿಮಗ ಹೊಲಸು ಅಂದು ಮಲಗಿಸಿದ. ನಮಗ ಚೊಕ್ಕ ಅಂದು ದುಡಿಸಿದ.” ಆಮೇಲೆ ಹಗ್ಗದ ಗಂಟು ಬಿಗಿದು, ಈ ಕಡೆ ಹಿಡಿ ಅಂದಳು. ನಾನು ಹಿಡಿದೆ.

ಮುಂದಿನದನ್ನು ಹೇಳಲು ನನಗೆ ಇಷ್ಟವಿಲ್ಲ, ಆದರೆ ಇಷ್ಟು ದೂರ ಜೊತೆಗೆ ಬಂದಿದ್ದೀರಿ. ಕುರುಗೋಡಿನ ಶಾಲೆ ತೆರೆಯಿತು. ಆ ಊರಿನ ನಂಟಿರುವ ಹೆಂಗಸು ಪಾಸಾಗಿರಲಿಲ್ಲವಾದ್ದರಿಂದ ಅದನ್ನು ನನಗೆ ಕೊಟ್ಟರು. ದೊರಸಾನಿಯವರ ಮೆಚ್ಚುಗೆ ಇತ್ತಲ್ಲ. ನಾಲ್ಕು ವರ್ಷ ಅಲ್ಲಿದ್ದೆ. ನನ್ನ ಸೋದರತ್ತೆಯೊಬ್ಬಳು ಜೊತೆಗಿದ್ದಳು. ಶಾಲೆಯ ಹಿಂದೆ ಒಂದು ಕೋಣೆ, ಅದಕ್ಕೆ ಹೊಂದಿ ಒಲೆ ಹೂಡಲು ಒಂದಿಷ್ಟು ಜಾಗ. ಅತ್ತೆಯೂ ನಾನೂ ಮುಂದಿನ ಭಾಗದಲ್ಲಿ ಇದ್ದೆವು. ಹಿಂದಿನ ಕೋಣೆಯಲ್ಲಿ ಸೌದೆ ಪೇರಿಸಿದ್ದೆವು, ಮತ್ತೆ ತಿಂಗಳಿಗೆ ಮೂರು ದಿನ ನಾನು ಅಲ್ಲಿ ಚಾಪೆ ಹಾಕಿಕೊಳ್ಳುತ್ತಿದ್ದೆ.

ನಾಲ್ಕನೆಯ ವರ್ಷ ಒಂದು ಮದುವೆಗೆಂದು ಸಿರುಗುಪ್ಪಕ್ಕೆ ಹೋಗಬೇಕಾಯಿತು. ಬಂಡಿಯಲ್ಲಿ ಕೂತಷ್ಟೂ ಹೊತ್ತು ಅವಳನ್ನು ನೋಡಬಾರದು ಎಂದುಕೊಂಡಿದ್ದೆ. ಮದುವೆಯ ಮರುದಿನ ಕಾಲುಗಳು ತಾವಾಗಿಯೇ ಹೋದವು. ಕಾಲುವೆಯ ನೀರಿನ ಊರು, ಓಣಿಯಲ್ಲೆಲ್ಲ ಭತ್ತದ ಹೊಟ್ಟು. ಅಂಗಳದಲ್ಲಿ ನೀಲಮ್ಮ ಭತ್ತ ಕುಟ್ಟುತ್ತಿದ್ದಳು. ನನ್ನನ್ನು ನೋಡಿ ಒನಕೆ ಗೋಡೆಗೆ ಒರಗಿಸಿದಳು.

“ಬರ್ರಿ ಬರ್ರಿ, ಪಂತುಲಮ್ಮಾರು ಬಂದ್ರು. ಕುಂದರ್ರಿ.”

ತಂಗಿ ಎನ್ನುತ್ತಿದ್ದವಳು ‘ರಿ’ ಹಚ್ಚಿದ್ದಳು. ಅಷ್ಟರಲ್ಲೇ ನನ್ನ ಅರ್ಧ ಜೀವ ಹೋಗಿತ್ತು. ವೈನಿ ನೀರು ಬೆಲ್ಲ ತಂದಿಟ್ಟಳು. ನಾನು ಬೆಲ್ಲ ತಿಂದೆ, ನೀರು ಕುಡಿಯಲಿಲ್ಲ, ಮಡಿಯ ಹೆಂಗಸು ನೋಡಿ ನಾನು. ನೋವು ಹೇಗಿದೆ ಎಂದು ಕೇಳಿದೆ. “ಅದೆಲ್ಲಿಗೆ ಹೊಕ್ಕೈತ್ರಿ? ಇಲ್ಲಿ ಹಾಜರಿ ಹಾಕೋರು ಇಲ್ಲ, ಅಷ್ಟ ಛಲೋ” ಎಂದು ನಕ್ಕಳು. ಸೆರಗಿನ ಹೊಟ್ಟು ಕೊಡವುತ್ತ ಕೇಳಿದಳು, “ಕುರುಗೋಡ ಸಾಲಿ ಹಿಂದ ಒಂದು ಕ್ವಾಣಿ ಐತಲ್ರಿ, ಅದರಾಗ ಬೆಳಕು ಬರತೈತೇನು?”

ಅವಳು ಆ ಕೋಣೆಯನ್ನು ನೋಡಿದ್ದಳು. ಬಳ್ಳಾರಿಗೆ ಬರುವ ಮೊದಲೇ ಒಂದು ಸಲ ಹೋಗಿ ನೋಡಿಕೊಂಡು ಬಂದಿದ್ದಳಂತೆ. ಬಾಗಿಲ ಮೇಲಿನ ತೊಲೆಗೆ ತೊಟ್ಟಿಲ ಹಗ್ಗ ಕಟ್ಟುವಷ್ಟು ಸಣ್ಣವಳಲ್ಲ ಮಗಳು, ಗೋಡೆಯ ಕಡೆ ಮಲಗಿಸಿದರೆ ಇಬ್ಬರಿಗೂ ಜಾಗ ಸಾಕು ಎಂದು ಅಳೆದಿದ್ದಳಂತೆ.

“ಬರ್ತದ” ಎಂದೆ. “ಬೆಳಿಗ್ಗೆ ಹೊತ್ತು ಛಲೋ ಬೆಳಕು ಬರ್ತದ.”

ಆಗ ಒಂಬತ್ತು ವರ್ಷದ ಹುಡುಗಿಯೊಬ್ಬಳು ಓಡಿ ಬಂದು ನೀಲಮ್ಮನ ಹೆಗಲಿಗೆ ಜೋತುಬಿದ್ದಳು. ನೀಲಮ್ಮನದೇ ಮುಖ, ಅದೇ ಹಣೆ, ಬಸಮ್ಮನೇ. “ಅತ್ತೀ, ಯಾರ ಇವರು?” ಎಂದು ಕಿವಿಯಲ್ಲಿ ಕೇಳಿದಳು. ಆಮೇಲೆ ಒಳಗೆ ನೋಡಿ, “ಅವ್ವಾ, ಹಸಿವಿ ಆಗೈತಿ” ಎಂದು ಕೂಗಿದಳು. ಒಳಗಿನಿಂದ ವೈನಿ ಓಗೊಟ್ಟಳು.

ನಾನು ನೀಲಮ್ಮನನ್ನು ನೋಡಿದೆ. ಅವಳೇ ಹೇಳಿದಳು, “ಆ ಒಂದು ವರ್ಷದಾಗ ಕಲ್ತಾಳ್ರಿ. ನಮ್ಮಣ್ಣನ ಮಕ್ಕಳು ಹೆಂಗ ಕರೀತಾವೋ ಹಂಗ. ನಾನು ಬ್ಯಾರೆ ಮನಿ ಮಾಡಿದ್ರ ಬದಲಾಗತಿತ್ತು. ಒಂದ ಮನ್ಯಾಗ ಇದ್ದು ಕೂಸಿನ ನಾಲಿಗಿ ಹೆಂಗ ತಿರುವಾಕ ಬರತೈತಿ? ಅವರ ಅನ್ನ, ಅವರ ಅವ್ವ.” ಎರಡೇ ಶಬ್ದ. ಅತ್ತಿ, ಅವ್ವ. ಅವು ಅದಲುಬದಲಾಗಿದ್ದವು. ನನಗೆ ಅಳು ಬಂತು. ಯಾಕೆ ಅಳತೀರಿ ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. “ನಿಮ್ಮ ಮ್ಯಾಲ ನನಗೇನೂ ಇಲ್ಲ. ನೀವೇನು ಸುಳ್ಳು ಹೇಳಲಿಲ್ಲ” ಎಂದಳು.

ಆ ಮಾತಿಗಿಂತ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹತ್ತು ವರ್ಷದ ಮೇಲಾಯಿತು, ಆ ಕಡೆ ನಾನು ಮತ್ತೆ ಹೋಗಿಲ್ಲ.

ಮೊನ್ನೆ ಹೊಸ ದೊರಸಾನಿ ಬಂದಿದ್ದರು. ಈಗ ಪುಸ್ತಕದಲ್ಲಿ ‘ಹೊ’ ಇಲ್ಲ, ಗುಂಡಾಚಾರ್ಯರೂ ಇಲ್ಲ, ಅವರ ಜಾಗದಲ್ಲಿ ಬಂದ ಹೊಸ ಪಂಡಿತರಿದ್ದಾರೆ. ಮಡಿಯವರು ಈಗಲೂ ಜಗಲಿಯಲ್ಲಿ ಕೂರುತ್ತಾರೆ, ಅದನ್ನು ಹಾಜರಿ ಎಂದೇ ಬರೆಯುತ್ತೇವೆ. ಸಂಗನಕಲ್ಲಿನ ಒಬ್ಬ ಹುಡುಗಿ ಇದ್ದಾಳೆ, ಚನ್ನವ್ವ, ನೀಲಮ್ಮನ ಹಾಗೆ ಲಿಂಗ ಕಟ್ಟಿದವಳು. ಅವಳ ಹೆಸರಿನ ಮುಂದೆ ತಿಂಗಳಿಗೆ ಎರಡು ಗೈರು. ದೊರಸಾನಿಯ ಬೆರಳು ಅಲ್ಲಿ ನಿಂತಿತು. ಯಾಕೆ? ಎಂದರು. ಹುಡುಗಿ ಹೊಟ್ಟೆನೋವು ಅಂದಳು. ಪ್ರತಿ ತಿಂಗಳೂ ಹೊಟ್ಟೆನೋವೇ ಎಂದು ದೊರಸಾನಿ ಹುಬ್ಬೇರಿಸಿದರು. ಅದೇ ಮಾತು, ದನಿ ಬೇರೆ.

ನನ್ನ ಸೊಂಟ ಆಗಲೇ ನೋಯಲು ಶುರುವಾಗಿತ್ತು. ಧೈರ್ಯ ಮಾಡಿದೆ ಎಂದು ಹೇಳಿಕೊಳ್ಳಲಾರೆ, ಸಾಕಾಗಿತ್ತು ಅಷ್ಟೇ. ಎದ್ದು ನಿಂತೆ. ಆ ಶಬ್ದವನ್ನು ಇಂಗ್ಲಿಷಿನಲ್ಲಿ ನನಗೆ ಯಾರೂ ಕಲಿಸಿರಲಿಲ್ಲ. ಬಲ್ಲಷ್ಟು ಮಾತಿನಲ್ಲಿ, ಇದು ಹೊಟ್ಟೆಯ ರೋಗವಲ್ಲ, ತಿಂಗಳಿಗೊಮ್ಮೆ ಹೆಂಗಸರಿಗೆ ಬರುವಂಥದ್ದು, ಜಗಲಿಯಲ್ಲಿ ಮಲಗಿದವರಿಗೆ ಹಾಜರಿ ಕೊಟ್ಟಿದ್ದೇವೆ, ಒಳಗೆ ಮಲಗಿದವಳಿಗೂ ಕೊಡಬೇಕು ಎಂದೆ. ಅವರಿಗೆ ತಿಳಿಯಲಿಲ್ಲವೇನೋ ಎಂದು, “ನಿಮಗೂ ಬರುತ್ತದಲ್ಲ, ಅದೇ” ಎಂದೂ ಸೇರಿಸಿದೆ. ಪಂಡಿತರು ಪೇಟವನ್ನು ಬಿಟ್ಟೇ ಬೀದಿಗೆ ಹೋದರು. ದೊರಸಾನಿ ಕಿವಿಯವರೆಗೆ ಕೆಂಪಾದರು. ತಮ್ಮ ತನಿಖೆಯ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ, ಈಕೆಗೆ ಸಭ್ಯವಾದ ಮಾತು ಬರುವುದಿಲ್ಲ ಎಂದು ಬರೆದು ನನ್ನಿಂದ ರುಜು ಹಾಕಿಸಿಕೊಂಡರು. ಚನ್ನವ್ವನ ಎರಡೆರಡು ದಿನಗಳನ್ನು ಮತ್ತೆ ಕೇಳುವ ಗೋಜಿಗೆ ಹೋಗಲಿಲ್ಲ, ಹಾಜರಿ ಎಂದು ತಿದ್ದಿ ಎದ್ದುಬಿಟ್ಟರು. ನಮ್ಮವರು ಆ ಸಂಜೆಯಿಂದ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾರೆ. ಗಂಡಸರ ಎದುರು ಹೀಗೂ ಆಡುತ್ತಾರೆಯೇ ಎಂದು.

ಈ ಹೊತ್ತು ಚನ್ನವ್ವ ಪಡಸಾಲೆಯ ಮೂಲೆಯಲ್ಲಿ, ಪಾಠ ನಡೆಯುವಲ್ಲೇ, ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಎಬ್ಬಿಸಬೇಡಿ ಎಂದು ಉಳಿದವರಿಗೆ ಹೇಳಿದ್ದೇನೆ. ನನಗೂ ಅಲ್ಲೇ ಪಕ್ಕದಲ್ಲಿ ಉರುಳಿಕೊಳ್ಳಬೇಕು ಅನ್ನಿಸುತ್ತಿದೆ. ಮೊನ್ನೆ ಆಡಿದ್ದು ಎಷ್ಟು ಸಣ್ಣ ಮಾತು, ಆಡಿ ಮುಗಿಸಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಅದಕ್ಕೆ ನನಗೆ ಹದಿನೈದು ವರ್ಷ ಹಿಡಿಯಿತು. ಅಷ್ಟರಲ್ಲಿ ಬಸಮ್ಮನಿಗೆ ಹತ್ತೊಂಬತ್ತಾಗಿದೆ, ಮದುವೆಯಾಗಿ ಮಕ್ಕಳೂ ಇರಬೇಕು. ಆ ಮಕ್ಕಳು ನೀಲಕ್ಕನನ್ನು ಏನೆಂದು ಕರೆಯುತ್ತವೋ, ಕೇಳಲು ನನಗೆ ಧೈರ್ಯವಿಲ್ಲ.